ವೀಣೆಗೊಂದು ಸೈಡ್‌ಕಾರು

"ಇನ್ನು ಮುಂದೆ ನನ್ನ ಹೆಂಡತಿಯ ವೀಣೆ ದೆಹಲಿಯ ಯಾವ ಆಟೋದವನ ಮುಂದೆಯೂ ದೈನ್ಯದಿಂದ ನಿಲ್ಲಬೇಕಾಗಿಲ್ಲ! ಅದಕ್ಕೊಂದು ಸ್ವಂತ ರಥವನ್ನು ನಾನೇ ಕಟ್ಟುತ್ತೇನೆ!"

ಎರಡು ಸಾವಿರದ ನಾಲ್ಕನೇ ಇಸವಿಯ ಸೆಪ್ಟೆಂಬರಿನಲ್ಲಿ, ವಸಂತ್ ಕುಂಜ್‌ನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಿಂತು, ಕಾಫಿ ಲೋಟವನ್ನು ಗದೆಯ ಹಾಗೆ ಎತ್ತಿ ಹಿಡಿದು ನಾನು ಮಾಡಿದ ಭೀಷ್ಮಪ್ರತಿಜ್ಞೆ ಇದು. ಗದೆ ಭೀಷ್ಮನದಲ್ಲ, ಭೀಮನದು ಎಂದು ನನಗೂ ಗೊತ್ತು. ಆದರೆ ಉತ್ಸಾಹ ಬಂದಾಗ ನನ್ನಲ್ಲಿ ಇಡೀ ಮಹಾಭಾರತವೇ ಕಲಸಿಹೋಗುತ್ತದೆ.

ಒಗೆದ ಬಟ್ಟೆ ಹಿಂಡುತ್ತಿದ್ದ ರತ್ನಾ ತಿರುಗಿಯೂ ನೋಡಲಿಲ್ಲ. "ರಥ ಆಮೇಲೆ ಕಟ್ಟುವಿರಂತೆ. ಮೊದಲು ಬಾತ್‌ರೂಮಿನ ನಲ್ಲಿ ಸೋರೋದು ನಿಲ್ಲಿಸಿ," ಎಂದಳು.

ಪ್ರತಿಜ್ಞೆಗೆ ಕಾರಣವಿತ್ತು. ನವೆಂಬರಿನಲ್ಲಿ ದೆಹಲಿ ಕನ್ನಡಿಗರ ರಾಜ್ಯೋತ್ಸವ. ಅದರ ಸಂಚಾಲಕ ಅನಂತರಾಮ ಹಿಂದಿನ ಸಂಜೆ ಮನೆಗೇ ಬಂದು, ಒಂದು ತಟ್ಟೆ ಚಕ್ಕುಲಿ ಮುಗಿಸಿ, "ರತ್ನಾ ಅವರೇ, ಈ ಸಲ ನಿಮ್ಮದೇ ವೀಣಾ ಕಛೇರಿ. ಸಂಜೆ ಆರಕ್ಕೆ ಸರಿಯಾಗಿ ವೇದಿಕೆ ಮೇಲೆ ಇರಬೇಕು. ನಿಮ್ಮ ನಂತರ ಮುಖ್ಯ ಅತಿಥಿಗಳ ಭಾಷಣ. ನೀವು ತಡ ಮಾಡಿದ್ರೆ ನಿಮ್ಮ ಹೊತ್ತನ್ನೂ ಅವರೇ ನುಂಗಿಬಿಡ್ತಾರೆ, ಅವರ ಶಕ್ತಿ ನಿಮಗೆ ಗೊತ್ತಲ್ಲ," ಎಂದು ಹೇಳಿ ಹೋಗಿದ್ದ.

ಮೈಸೂರಿನಲ್ಲಿ ವಿದ್ವತ್ ಮುಗಿಸಿ ಬಹುಮಾನ ಗೆದ್ದವಳು ರತ್ನಾ. ನನ್ನನ್ನು ಕಟ್ಟಿಕೊಂಡು ದೆಹಲಿಗೆ ಬಂದ ಮೇಲೆ ಅವಳ ವೀಣೆ ಕೇಳಿದ್ದು ನವರಾತ್ರಿಯ ಬೊಂಬೆಗಳು ಮತ್ತು ಮೇಲಿನ ಮನೆಯವರು ಮಾತ್ರ. ಬೊಂಬೆಗಳು ತಕರಾರು ಮಾಡಿರಲಿಲ್ಲ. ಮದುವೆಯಾದ ಮೇಲೆ ಇದೇ ಮೊದಲ ಕಛೇರಿ! ಅಂದಿನಿಂದ ಹಾಲು ಕಾಯಿಸುವಾಗಲೂ ಅವಳ ಎಡಗೈ ಬೆರಳು ಅಡುಗೆ ಕಟ್ಟೆಯ ಮೇಲೆ ಗಮಕ ಹಾಕುತ್ತಿತ್ತು. ಹಾಲು ಉಕ್ಕುತ್ತಿತ್ತು, ಅವಳು ನಗುತ್ತಿದ್ದಳು. ಅವಳು ಹಾಗೆ ನಗುವುದನ್ನು ನೋಡಿ ಎಷ್ಟೋ ಕಾಲವಾಗಿತ್ತು.

ಕಷ್ಟವಿದ್ದದ್ದು ವೀಣೆಯ ಪ್ರಯಾಣದಲ್ಲಿ. ಹಿಂದೊಮ್ಮೆ ರೋಹಿಣಿಯ ಸ್ನೇಹಿತರ ಮನೆಗೆ ಆಟೋದಲ್ಲಿ ಒಯ್ಯುವಾಗ ಆ ಪುಣ್ಯಾತ್ಮ ಸ್ಪೀಡ್ ಬ್ರೇಕರನ್ನು ಹಾರಿಸಿದ ರಭಸಕ್ಕೆ ಸೋರೆಬುರುಡೆ ಬಿರಿದಿತ್ತು. ರತ್ನಾ ಮೈಸೂರಿಗೆ ಒಯ್ದು ರಿಪೇರಿ ಮಾಡಿಸಿಕೊಂಡು ಬರುವವರೆಗೆ ಮನೆಯಲ್ಲಿ ಸೂತಕವಿತ್ತು. "ಈ ಸಲ ಟ್ಯಾಕ್ಸಿ ಹೇಳಿ ಸಾಕು," ಎಂದು ಅವಳು ಅಂದದ್ದೇ ನನ್ನ ಪೌರುಷವನ್ನು ಕೆಣಕಿಬಿಟ್ಟಿತು.

"ಟ್ಯಾಕ್ಸಿ ಯಾಕೆ? ಕೆಳಗೆ ಬುಲೆಟ್ ನಿಂತಿಲ್ವಾ? ಅದರ ಪಕ್ಕಕ್ಕೊಂದು ಸೈಡ್‌ಕಾರು ಸೇರಿಸಿದ್ರೆ ನೀನು, ನಿನ್ನ ವೀಣೆ, ಮಹಾರಾಣಿ ಹಾಗೆ ಕೂತ್ಕೊಂಡು ಬರಬಹುದು!"

ನಮ್ಮ ಬುಲೆಟ್ ಅರವತ್ತರ ದಶಕದ್ದು. ಸೇನೆಯಲ್ಲಿದ್ದ ನನ್ನ ಸೋದರಮಾವ ಈಶ್ವರಪ್ಪನವರು ನಿವೃತ್ತರಾಗಿ ಹೊರಟಾಗ ನನ್ನ ಕೊರಳಿಗೆ ಕಟ್ಟಿಹೋದ ಆಸ್ತಿ. ಅದರ ಗೇರೂ ಬಲಗಾಲಿಗೆ, ಕಿಕ್ಕೂ ಬಲಗಾಲಿಗೆ. ಈ ಸಂಗತಿಯನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ!

ಸೈಬರ್ ಕೆಫೆಗೆ ಹೋಗಿ ಹುಡುಕಿದೆ. ಅಮೆರಿಕದ ಮಹಾನುಭಾವನೊಬ್ಬ ಸೈಡ್‌ಕಾರ್ ಕಟ್ಟುವ ವಿದ್ಯೆಯನ್ನು ಅಳತೆ, ನಕ್ಷೆ, ಫೋಟೋ ಸಮೇತ ಇಂಟರ್ನೆಟ್ಟಿಗೆ ಧಾರೆ ಎರೆದಿದ್ದ. ಎಲ್ಲವನ್ನೂ ಪ್ರಿಂಟ್ ತೆಗೆಸಿಕೊಂಡು ಪಕ್ಕದ ಕಿಶನ್‌ಗಢದ ಸತ್ಪಾಲನ ಅಂಗಡಿಗೆ ಓಡಿದೆ. ಸತ್ಪಾಲ ಕಿಟಕಿಯ ಗ್ರಿಲ್ಲು ಮತ್ತು ಬೇಸಿಗೆಯಲ್ಲಿ ತಂಪುಗಾಳಿ ಬೀಸುವ ಕಬ್ಬಿಣದ ಪೆಟ್ಟಿಗೆಯಂಥ ಕೂಲರುಗಳನ್ನು ಮಾಡುವವ. ಜಗತ್ತಿನ ಯಾವ ಪ್ರಶ್ನೆಗೂ ಅವನ ಹತ್ತಿರ ಒಂದೇ ಉತ್ತರ, ಆಗುತ್ತದೆ.

"ಭಯ್ಯಾ, ಸೈಡ್‌ಕಾರ್ ಮಾಡಿದ್ದೀಯಾ?"

"ಹೋ ಜಾಯೇಗಾ ಜೀ."

"ಮಾಡಿದ್ದೀಯಾ ಅಂತ ಕೇಳಿದೆ."

"ಹೋ ಜಾಯೇಗಾ ಜೀ!"

ಆಯಿತು. ಅಳತೆಯಲ್ಲಿ ಒಂದು ಕೂದಲೆಳೆಯೂ ಹೆಚ್ಚುಕಡಿಮೆ ಆಗದಂತೆ ನಾನು ಕಾದು ನಿಂತು ಕೆಲಸ ಮಾಡಿಸಿದೆ. ಕಾಲೋನಿಯ ಗೇಟು ಕಿರಿದು, ಆದ್ದರಿಂದ ಸೈಡ್‌ಕಾರು ಬುಲೆಟ್ಟಿಗೆ ಅಂಟಿಕೊಂಡಿರಲಿ ಎಂದು ನಾನು ತೋರಿಸಿದ ತಿದ್ದುಪಡಿಯೊಂದು ಬಿಟ್ಟರೆ ಎಲ್ಲವೂ ಅಮೆರಿಕದಂತೆಯೇ. ಚಕ್ರ ಮಾತ್ರ ನಮ್ಮ ಸತ್ತ ಸ್ಕೂಟರಿನದು. ತಗಡು ಸತ್ಪಾಲನ ಬಳಿ ಉಳಿದಿದ್ದ ಕೂಲರಿನದು. ಹೀಗಾಗಿ ನಮ್ಮ ಸೈಡ್‌ಕಾರಿಗೆ ಮೂರೂ ಕಡೆ ಗಾಳಿ ಬರುವ ಸೀಳುಕಿಂಡಿಗಳಿದ್ದವು. "ಏರ್ ಕಂಡೀಷನ್ ಕಣೇ!" ಎಂದೆ ರತ್ನಾಳಿಗೆ. ನಾಲ್ಕು ಬೋಲ್ಟು ಬಿಗಿದು ಬುಲೆಟ್ಟಿಗೆ ಸೇರಿಸಿಯೂ ಆಯಿತು.

ಕಾಲೇಜಿನಿಂದ ಬಂದ ಮಗಳು ಮಯೂರಿ ಅದನ್ನು ಸುತ್ತಲೂ ನೋಡಿ ಹುಬ್ಬು ಗಂಟಿಕ್ಕಿದಳು. ದೆಹಲಿಯಲ್ಲೇ ಹುಟ್ಟಿ ಬೆಳೆದ ಅವಳ ಕನ್ನಡ ಎರಡು ಹೆಜ್ಜೆಗೊಮ್ಮೆ ಹಿಂದಿಗೆ ಜಾರುತ್ತದೆ. "ಪಪ್ಪಾ, ಇದು ರಾಂಗ್ ಸೈಡ್ ಲಗ್ ರಹಾ ಹೈ. ಸಿನಿಮಾದಲ್ಲಿ ಲೆಫ್ಟ್‌ನಲ್ಲಿ ಇರತ್ತೆ ನಾ?"

ನನಗೆ ರೇಗಿತು. ನಾನು ಗುರುರಾಜ, ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು! "ಎಡ ಯಾವುದು, ಬಲ ಯಾವುದು ಅಂತ ನನಗೇ ಪಾಠ ಹೇಳ್ತೀಯೇನೇ? ಇಡೀ ದೇಶದ ಹುಡುಗರಿಗೆ ನಾನು ಎಡಪಂಥ ಬಲಪಂಥ ಕಲಿಸ್ತಿದ್ದೀನಿ!"

"ಅಚ್ಛಾ, ಸಾರಿ," ಎಂದು ಅವಳು ಮೇಲೆ ಹೋದಳು.

ಹೆಮ್ಮೆಯಿಂದ ಸೀಟು ಏರಿ ಕಿಕ್ ಹೊಡೆದೆ. ಠಣ್! ಕಿಕ್ಕು ಅರ್ಧ ದಾರಿಯಲ್ಲಿ ಸೈಡ್‌ಕಾರಿನ ಪಕ್ಕೆಗೆ ಬಡಿದು ನಿಂತಿತು. ಇನ್ನೊಮ್ಮೆ ಹೊಡೆದೆ. ಠಣ್! ಸತ್ಪಾಲ ಬಗ್ಗಿ ನೋಡಿ, ತಲೆ ಕೆರೆದುಕೊಂಡು, "ಧಕ್ಕಾ ಮಾರ್ ಲೇನಾ ಜೀ," ಎಂದ. ತಳ್ಳಿಸಿಕೊಳ್ಳಬೇಕಂತೆ! ತಳ್ಳಿದಾಗ ಅದು ನಿಜಕ್ಕೂ ಧಡಧಡನೆ ಶುರುವಾಯಿತು. ಕಾಲೋನಿಯ ಪಾರ್ಕಿನ ಸುತ್ತ ಪರೀಕ್ಷಾ ಸಂಚಾರವನ್ನೂ ನಡೆಸಿದೆ. ಪಾರ್ಕು ಬಲಕ್ಕೆ ಬರುವಂತೆ ಸುತ್ತಿದೆ, ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವ ಹಾಗೆ. ಗಾಡಿ ತಾನೇ ತಾನಾಗಿ ಬಲಕ್ಕೆ ತಿರುಗುತ್ತಿತ್ತು. ಹ್ಯಾಂಡಲ್ ಮುಟ್ಟುವುದೇ ಬೇಡ! ಎಂಥ ವಿಧೇಯ ವಾಹನ ಎಂದು ನನಗೆ ಕಣ್ತುಂಬಿ ಬಂತು. ಎಡಕ್ಕೆ ತಿರುಗಿಸಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ.

ಕಛೇರಿಯ ದಿನ ಬಂತು. ಸಭಾಂಗಣ ಇದ್ದದ್ದು ಲೋಧಿ ರಸ್ತೆಯ ಹತ್ತಿರ. ಮೂರೂವರೆಗೇ ಹೊರಟೆವು. ಮಯೂರಿ ಗೆಳತಿಯರೊಂದಿಗೆ ಮುಂದಾಗಿ ಹೋಗಿದ್ದಳು. ರತ್ನಾ ಮೈಸೂರು ರೇಷ್ಮೆ ಉಟ್ಟು, ಮಲ್ಲಿಗೆ ಮುಡಿದು, ಸೈಡ್‌ಕಾರಿನ ಮುಂದೆ ನಿಂತು ಕೊನೆಯ ಬಾರಿ ಕೇಳಿದಳು.

"ರೀ, ಈಗಲೂ ಹೊತ್ತು ಮೀರಿಲ್ಲ. ಟ್ಯಾಕ್ಸಿ ಸ್ಟ್ಯಾಂಡಿಗೆ ಒಂದು ಫೋನ್ ಮಾಡ್ಲಾ?"

"ಹತ್ತು, ಮಹಾರಾಣಿ!"

ಮಹಾರಾಣಿ ಹತ್ತಿದಳು. ದಿಂಬುಗಳ ನಡುವೆ ವೀಣೆಯನ್ನು ಮಗುವಿನಂತೆ ತಬ್ಬಿಕೊಂಡಳು. ವೀಣೆಯ ತುದಿಯ ಸಿಂಹದಂಥ ಯಾಳಿಮುಖ ಸೈಡ್‌ಕಾರಿನಿಂದ ಹೊರಗೆ ಚಾಚಿ, ಕಣ್ಣು ಕಿಸಿದು ರಸ್ತೆಯನ್ನೇ ನೋಡುತ್ತಿತ್ತು. ಮೂರು ಚಕ್ರಕ್ಕೆ ಮೂರು ನಿಂಬೆಹಣ್ಣು ಇಟ್ಟಿದ್ದೆ. ವಾಚ್‌ಮನ್ನು, ಮಾಲಿ, ಮೇಲಿನ ಮನೆಯವರು ಸೇರಿ ತಳ್ಳಿದರು. ಮೇಲಿನ ಮನೆಯವರು ಎಲ್ಲರಿಗಿಂತ ಜೋರಾಗಿ ತಳ್ಳಿದರು. ವೀಣೆ ಮನೆ ಬಿಡುತ್ತಿದೆಯೆಂಬ ಸಂತೋಷವಿರಬೇಕು.

ಗೇಟು ದಾಟಿ ದೊಡ್ಡ ರಸ್ತೆಗೆ ಬಂದ ಒಂದೇ ನಿಮಿಷಕ್ಕೆ ಬಲಗಡೆಯಿಂದ ಕಿರುಚಾಟ ಕೇಳಿಸಿತು.

"ರೀ! ನಾನು ರಸ್ತೆ ಮಧ್ಯದಲ್ಲಿ ಕೂತಿದ್ದೀನಿ!"

ಆಗ ನೋಡಿದೆ. ಅಯ್ಯೋ ದೇವರೇ! ನಮ್ಮ ದೇಶದಲ್ಲಿ ಗಾಡಿ ಎಡಕ್ಕೆ ಓಡುತ್ತದೆ, ಅಮೆರಿಕದಲ್ಲಿ ಬಲಕ್ಕೆ. ಅವನ ಸೈಡ್‌ಕಾರು ಬಲಗಡೆಯಿದ್ದರೆ ಹೆಂಡತಿ ಫುಟ್‌ಪಾತಿನ ಕಡೆ ಸುರಕ್ಷಿತ. ನನ್ನ ಸೈಡ್‌ಕಾರು ಬಲಗಡೆಯಿದ್ದರಿಂದ ನಾನು ಫುಟ್‌ಪಾತಿನ ಕಡೆ ಸುರಕ್ಷಿತ, ಹೆಂಡತಿ ಬಸ್ಸುಗಳ ಕಡೆ! ಇಂಥ ಗಂಡಸುತನ ಯಾರಿಗುಂಟು?

ಬಸ್ಸೊಂದು ನಮ್ಮನ್ನು ಹಿಂದಿಕ್ಕುತ್ತಾ ಅವಳ ಮೂಗಿನ ಹತ್ತಿರವೇ ಬಂತು. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಬಸ್ಸಿನ ಪಕ್ಕೆ ಬಡಿಯುತ್ತಾ, "ನೆಹರೂ ಪ್ಲೇಸ್, ನೆಹರೂ ಪ್ಲೇಸ್! ಆಜಾಓ ಮ್ಯಾಡಮ್!" ಎಂದು ಅವಳನ್ನು ಹತ್ತಿಸಿಕೊಳ್ಳಲು ಕೈ ಚಾಚಿದ. ಅದರ ಬೆನ್ನಿಗೇ ಸ್ಕೂಟರಿನವನೊಬ್ಬ ಪಕ್ಕಕ್ಕೆ ಬಂದು, "ಭಾಯಿಸಾಬ್, ನವೆಂಬರಿನಲ್ಲಿ ಕೂಲರ್ ಎಲ್ಲಿಗೆ ಸಾಗಿಸ್ತಾ ಇದ್ದೀರಿ?" ಎಂದು ಹಿಂದಿಯಲ್ಲಿ ವಿಚಾರಿಸಿದ.

"ನಿಲ್ಲಿಸ್ರೀ, ನಾನು ಇಳೀತೀನಿ!"

"ನಿಲ್ಲಿಸಿದ್ರೆ ಇಂಜಿನ್ ಆಫ್ ಆಗತ್ತೆ ಕಣೇ! ಆಫ್ ಆದ್ರೆ ತಳ್ಳೋರು ಯಾರು?"

"ನಾನೇ ತಳ್ತೀನಿ! ಹಳ್ಳಕ್ಕೆ ತಳ್ತೀನಿ!"

ಅಷ್ಟರಲ್ಲಿ ಒಂದು ಗುಂಡಿ. ಢಬ್! ರತ್ನಾ ವೀಣೆಯನ್ನು ಗಾಳಿಯಲ್ಲಿ ಎತ್ತಿ ಹಿಡಿದಳು. ಅವಳಿಗೆ ಏನಾಯಿತೋ ಬಿಟ್ಟಿತೋ, ವೀಣೆಗೆ ಏನೂ ಆಗಲಿಲ್ಲ. ಆದರೆ ಸ್ಕೂಟರಿನ ಚಕ್ರ ಸೊಟ್ಟಗಾಯಿತು. ಮೊದಲೇ ಬಲಕ್ಕೆ ಎಳೆಯುತ್ತಿದ್ದ ಗಾಡಿ ಈಗ ಬಲಕ್ಕೇ ಹೋಗುತ್ತೇನೆಂದು ಹಟ ಹಿಡಿಯಿತು. ನಾನು ಎರಡೂ ತೋಳಿನಿಂದ ಹ್ಯಾಂಡಲನ್ನು ಎಡಕ್ಕೆ ಜಗ್ಗುತ್ತಾ, ಹಲ್ಲು ಕಚ್ಚಿಕೊಂಡು, ಹೇಗೋ ನೇರ ದಾರಿಯಲ್ಲಿ ಗಾಡಿಯನ್ನು ಒಯ್ದೆ. ಗಂಟೆ ಐದಾಗುತ್ತಾ ಬಂದಿತ್ತು. ಇನ್ನೇನು ಹತ್ತಿರ ಬಂದೆವು ಎನ್ನುವಾಗ ಎದುರಾಯಿತು ನೋಡಿ, ಗೋಲ್ ಚಕ್ಕರ್!

ಹೊಸದೆಹಲಿಯ ಆ ಭಾಗವನ್ನು ಕಟ್ಟಿದವರಿಗೆ ವೃತ್ತಗಳ ಮೇಲೆ ಅದೇನು ವ್ಯಾಮೋಹವೋ. ವೃತ್ತವನ್ನು ಬಲಕ್ಕಿಟ್ಟುಕೊಂಡು ಸುತ್ತಬೇಕು, ನಮ್ಮ ರಸ್ತೆ ಬಂದಾಗ ಎಡಕ್ಕೆ ಹೊರಬೀಳಬೇಕು. ಸುತ್ತುವುದರಲ್ಲಿ ನನ್ನ ಗಾಡಿಯನ್ನು ಮೀರಿಸುವವರಿರಲಿಲ್ಲ. ಹೊರಬೀಳುವುದು ಅದಕ್ಕೆ ಬರುತ್ತಿರಲಿಲ್ಲ!

ಮೊದಲ ಸುತ್ತಿನಲ್ಲಿ ಟ್ರಾಫಿಕ್ ಪೇದೆ ನಮಗೆ ಸೆಲ್ಯೂಟ್ ಹೊಡೆದ. ಹಳೆಯ ಬುಲೆಟ್ಟು, ರೇಷ್ಮೆ ಸೀರೆ, ಹೊರಗೆ ಚಾಚಿದ ಬಂಗಾರದ ಯಾಳಿ. ಯಾವುದೋ ರಾಯಭಾರ ಕಚೇರಿಯ ಸವಾರಿ ಎಂದುಕೊಂಡಿರಬೇಕು. ಎರಡನೇ ಸುತ್ತಿನಲ್ಲಿ ಅವನ ಕೈ ಅರ್ಧಕ್ಕೇ ನಿಂತಿತು. ಮೂರನೆಯದಕ್ಕೆ ಸೀಟಿ ಊದಿದ.

"ರೀ, ಈ ಬೇವಿನ ಮರ ಆಗಲೇ ನೋಡಿದ್ವಲ್ಲ!"

"ದೆಹಲಿಯಲ್ಲಿ ಬೇವಿನ ಮರ ಎಲ್ಲಾ ಒಂದೇ ಥರ ಇರ್ತವೆ ಕಣೇ!"

"ಮರದ ಕೆಳಗೆ ಕಡಲೆಕಾಯಿ ತಿನ್ನೋ ಅಜ್ಜಿಯರೂ ಒಂದೇ ಥರ ಇರ್ತಾರಾ?"

ವೃತ್ತದ ನಡುವಿನ ಹುಲ್ಲಿನ ಮೇಲೆ ಒಂದು ಸಂಸಾರ ಚಾಪೆ ಹಾಸಿ ಚಳಿಗಾಲದ ಇಳಿಬಿಸಿಲು ಕಾಯಿಸುತ್ತಿತ್ತು. ಅಜ್ಜಿ ನಾವು ಬಂದಾಗಲೆಲ್ಲ ಕೈ ಬೀಸುತ್ತಿದ್ದಳು. ಪೇದೆ ಜೊತೆಜೊತೆಗೆ ಓಡತೊಡಗಿದ.

"ಸಾಬ್, ಜಾನಾ ಕಹಾಂ ಹೈ?"

"ಲೋಧಿ ರೋಡ್!"

"ತೋ ಜಾತೇ ಕ್ಯೂಂ ನಹೀಂ?" ಹಾಗಾದರೆ ಯಾಕೆ ಹೋಗುತ್ತಿಲ್ಲವಂತೆ!

"ಗಾಡಿ ನಹೀಂ ಮಾನ್ತೀ!" ಗಾಡಿ ಮಾತು ಕೇಳುತ್ತಿಲ್ಲ ಎಂದು ನಾನು ಅಳುಧ್ವನಿಯಲ್ಲಿ ಕೂಗಿದೆ.

ರತ್ನಾ ಬೈಯುವುದನ್ನು ನಿಲ್ಲಿಸಿದ್ದು ಆಗ. ಓರೆಗಣ್ಣಿನಿಂದ ನೋಡಿದೆ. ಅವಳು ತುಟಿ ಕಚ್ಚಿ ಕೈಗಡಿಯಾರ ನೋಡುತ್ತಿದ್ದಳು. ಕಣ್ಣಲ್ಲಿ ನೀರಿತ್ತು. ಇಷ್ಟು ವರ್ಷ ಕಾದವಳ ಒಂದು ಸಂಜೆಯನ್ನು ನಾನು ಗುಂಡಗೆ ಸುತ್ತಿಸಿ ಕಳೆಯುತ್ತಿದ್ದೇನಲ್ಲ! ಏನಾದರಾಗಲಿ ಎಂದು ಇದ್ದಬದ್ದ ಬಲವೆಲ್ಲ ಹಾಕಿ ಹ್ಯಾಂಡಲನ್ನು ಎಡಕ್ಕೆ ಎಳೆದೆ. ಗಾಡಿ ಕೋಪಗೊಂಡು ಬಲಕ್ಕೆ ನುಗ್ಗಿ, ಸೈಡ್‌ಕಾರಿನ ಚಕ್ರ ವೃತ್ತದ ಕಟ್ಟೆ ಹತ್ತಿತು. ಠಣ್, ಠಣ್, ಠಣ್, ಠಣ್! ಸತ್ಪಾಲನ ನಾಲ್ಕೂ ಬೋಲ್ಟುಗಳು ಒಟ್ಟಿಗೆ ರಾಜೀನಾಮೆ ಕೊಟ್ಟವು.

ಸೈಡ್‌ಕಾರು ಹುಲ್ಲಿನ ಮೇಲೆ ಮೆತ್ತಗೆ ಜಾರಿ ಅಜ್ಜಿಯ ಚಾಪೆಯ ಪಕ್ಕದಲ್ಲಿ ನಿಂತಿತು. ರತ್ನಾ, ವೀಣೆ, ಮಲ್ಲಿಗೆ ಎಲ್ಲವೂ ಅಲುಗದೆ ಇದ್ದವು. ನನ್ನ ಕಥೆ ಬೇರೆ. ಎಡಕ್ಕೆ ಜಗ್ಗುತ್ತಿದ್ದ ನನ್ನ ತೋಳುಗಳಿಗೆ ಈ ಬಿಡುಗಡೆಯ ಸುದ್ದಿ ಇನ್ನೂ ತಲುಪಿರಲಿಲ್ಲ. ಬುಲೆಟ್ಟು ನನ್ನನ್ನು ಹೊತ್ತು ಎಡಕ್ಕೆ ಚಿಮ್ಮಿ, ಸಿಕ್ಕಿದ ಮೊದಲ ರಸ್ತೆಗೆ ನುಗ್ಗಿತು. ಅದು ಲೋಧಿ ರಸ್ತೆಯ ಕಡೆಯದಲ್ಲ ಎಂದು ಬೇರೆ ಹೇಳಬೇಕೆ?

ಆ ರಸ್ತೆಗೆ ಒನ್‌ವೇ, ಮುಂದಿನದಕ್ಕೆ ನೋ ಎಂಟ್ರಿ, ಅದರಾಚೆಯದಕ್ಕೆ ಯಾರೋ ವಿಐಪಿ ಬರುತ್ತಾರೆಂದು ತಡೆ. ಹೇಗೋ ಸುತ್ತಿ ಬಳಸಿ ವಾಪಸು ಬಂದು ನೋಡುತ್ತೇನೆ, ಸೈಡ್‌ಕಾರಿನಲ್ಲಿ ಅಜ್ಜಿಯ ಮೊಮ್ಮಕ್ಕಳು ಕೂತು ಆಡುತ್ತಿವೆ, ರತ್ನಾ ಇಲ್ಲ! "ರತ್ನಾ!" ಎಂದು ಕೂಗಿದೆ. ವೃತ್ತದ ಸುತ್ತ ಓಡುತ್ತಿದ್ದ ಕಾರುಗಳೆಲ್ಲ ಹಾರ್ನ್ ಹೊಡೆದು ಉತ್ತರ ಕೊಟ್ಟವು.

"ಚಲೀ ಗಯೀ ಬೇಟಾ," ಎಂದಳು ಅಜ್ಜಿ, ನನ್ನ ಕೈಗೊಂದು ಹಿಡಿ ಕಡಲೆಕಾಯಿ ತುಂಬುತ್ತಾ. ಪೇದೆ ಒಂದು ಆಟೋ ತಡೆದು ಹತ್ತಿಸಿ ಕಳಿಸಿದನಂತೆ. "ಧೀರೇ ಚಲಾನಾ, ಅಂದರ್ ಸರಸ್ವತೀ ಮಾತಾ ಹೈಂ," ನಿಧಾನಕ್ಕೆ ಓಡಿಸು, ಒಳಗೆ ಸರಸ್ವತಿ ಇದ್ದಾಳೆ ಎಂದು ಆಟೋದವನಿಗೆ ತಾಕೀತು ಬೇರೆ ಮಾಡಿದ್ದನಂತೆ. ಈಗ ಪೇದೆ ನನ್ನ ಕಡೆ ತಿರುಗಿದ.

"ಯೇ ಕೂಲರ್ ಉಠಾಓ ಯಹಾಂ ಸೇ."

"ಅದು ಕೂಲರ್ ಅಲ್ಲ, ಸೈಡ್‌ಕಾರು..."

"ಜೋ ಭೀ ಹೈ, ಉಠಾಓ!"

ಎತ್ತುವುದು ಹೇಗೆ? ಕೊನೆಗೆ ಅಜ್ಜಿಯ ಮಗ ಕಿಂಡಿಗಳನ್ನೆಲ್ಲ ತಟ್ಟಿ ನೋಡಿ, ಬೇಸಿಗೆಗೆ ಒಳ್ಳೆಯದಾಯಿತು, ಒಂದು ಫ್ಯಾನ್ ಕೂರಿಸಿದರೆ ಸಾಕು ಎಂದು ತೀರ್ಮಾನಿಸಿ ತನ್ನ ಟೆಂಪೋಗೆ ಏರಿಸಿಕೊಂಡ. ನನ್ನ ಶಿಲ್ಪಕಲೆ ಹೀಗೆ ಸದ್ಗತಿ ಪಡೆಯಿತು.

ನಾನು ಸಭಾಂಗಣ ಮುಟ್ಟುವ ಹೊತ್ತಿಗೆ ಏಳು ಗಂಟೆ ಹತ್ತಿರವಾಗಿತ್ತು. ಮೈಗೆಲ್ಲ ಗ್ರೀಸು. ಬಾಗಿಲಲ್ಲೇ ಕಾಲು ನಿಂತಿತು. ಒಳಗಿಂದ ವೀಣೆ ಕೇಳುತ್ತಿತ್ತು. ಕೊನೆಯ ಕೃತಿ ನಡೆದಿತ್ತು. ತುಂಬಿದ ಸಭೆಯಲ್ಲಿ ಕೆಮ್ಮುವವರೂ ಇರಲಿಲ್ಲ. ಮುಖ್ಯ ಅತಿಥಿಗಳು ತಮ್ಮ ಭಾಷಣವನ್ನು ಮರೆತು ತಾಳ ಹಾಕುತ್ತಿದ್ದರು. ಹಾಲು ಉಕ್ಕಿಸುತ್ತಾ ನಗುತ್ತಿದ್ದ ಅದೇ ಮುಖ ಅಷ್ಟೊಂದು ಬೆಳಕಿನ ನಡುವೆ ಕಂಡಿತು. ನನಗೆ ಅಳು ಬಂದುಬಿಟ್ಟಿತು. ಗ್ರೀಸಿನ ಕೈಯಲ್ಲಿ ಕಣ್ಣೊರೆಸಿಕೊಂಡೆ, ಇನ್ನಷ್ಟು ಅಳು ಬಂತು.

ಚಪ್ಪಾಳೆ ಮುಗಿದ ಮೇಲೆ ವೇದಿಕೆಯ ಹಿಂದೆ ಹೋದೆ. ಅವಳು ವೀಣೆಗೆ ಗವಸು ಹಾಕುತ್ತಿದ್ದಳು. ನನ್ನ ಅವತಾರ ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

"ತಪ್ಪಾಯ್ತು ಕಣೇ," ಎಂದೆ. "ನಿನ್ನ ಸಂಜೆ ಹಾಳು ಮಾಡಿಬಿಡ್ತಿದ್ದೆ."

"ಒಂದು ಮಾತು ಹೇಳ್ಲಾ? ಮೈಸೂರಲ್ಲಿ ಯಾವತ್ತೂ ವೇದಿಕೆ ಹತ್ತಿದ್ರೆ ನನ್ನ ಕೈ ನಡುಗ್ತಿತ್ತು. ಇವತ್ತು ನಡುಗಲೇ ಇಲ್ಲ ರೀ! ಅಷ್ಟೊಂದು ಬಸ್ಸುಗಳನ್ನ ಎದುರಿಸಿ ಬಂದವಳಿಗೆ, ಸುಮ್ಮನೆ ಕುರ್ಚಿ ಮೇಲೆ ಕೂತಿರೋ ಜನ ಯಾವ ಲೆಕ್ಕ ಅನ್ನಿಸ್ತು."

ನೋಡಿ, ನನ್ನ ಬಾಡಿದ ಪೌರುಷ ತಟಕ್ಕನೆ ಚಿಗುರಿತು! ಅಂದರೆ ಈ ಯಶಸ್ಸಿನ ಹಿಂದೆ ನನ್ನ ಕೈವಾಡವಿದೆ! ಎದೆ ಸೆಟೆಸಿ ನಿಂತೆ. ಅದೇ ಹೊತ್ತಿಗೆ ಅನಂತರಾಮ ಓಡಿ ಬಂದ.

"ರತ್ನಾ ಅವರೇ, ಅದ್ಭುತ! ಚಂಡೀಗಢದ ಕನ್ನಡಿಗರು ಇಲ್ಲೇ ಬಂದಿದ್ದಾರೆ, ಮುಂದಿನ ತಿಂಗಳು ಅವರಲ್ಲಿ ನೀವು ನುಡಿಸಲೇಬೇಕಂತೆ. ರೈಲಿನಲ್ಲಿ ಎರಡು ಸೀಟು ಅವರೇ ಕಾದಿರಿಸ್ತಾರೆ."

"ಖಂಡಿತ ಬರ್ತೀವಿ!" ಎಂದೆ ನಾನು ಗಂಭೀರವಾಗಿ. "ಕಿಟಕಿ ಪಕ್ಕದ್ದು ನನಗಿರಲಿ."

ರತ್ನಾ ಗವಸಿನ ದಾರವನ್ನು ಬಿಗಿಯಾಗಿ ಕಟ್ಟಿದಳು. "ಎರಡೇ ಸೀಟು ಸಾಕು ಅನಂತರಾಮ್," ಎಂದಳು. "ಕಿಟಕಿ ಪಕ್ಕದ್ದು ವೀಣೆಗೆ, ಇನ್ನೊಂದು ನನಗೆ."